ಪೌತಿ ಖಾತೆಯೆಂದು ಹಾಕಿಸಿದ ಸಹಿ

ಚಿತ್ರದುರ್ಗದ ಕಾನೂನು ಕಾಲೇಜೊಂದರಲ್ಲಿ ನಾನು ತೆಗೆದುಕೊಳ್ಳುವ ಬೆಳಗಿನ ಮೊದಲ ತರಗತಿ ಬಸ್ಸುಗಳ ಮರ್ಜಿಯಲ್ಲಿ ನಡೆಯುತ್ತದೆ. ಹೊಳಲ್ಕೆರೆಯ ಬಸ್ಸು ಬಂದರೆ ಎಡಗಡೆಯ ಬೆಂಚುಗಳು ತುಂಬುತ್ತವೆ, ಹಿರಿಯೂರಿನದು ಬಂದರೆ ಹಿಂದಿನವು. ಹೊಸದುರ್ಗದವರು ಹಾಜರಿ ಮುಗಿದ ಮೇಲೆ ಬಾಗಿಲಲ್ಲಿ ಕಾಣಿಸಿಕೊಂಡು "ಬರ್ಲಾ ಮೇಡಂ" ಎನ್ನುತ್ತಾರೆ. ವಿಶ್ವವಿದ್ಯಾಲಯದ ಪಠ್ಯದಲ್ಲಿ ನನ್ನ ಪಾಲಿಗೆ ಬಂದಿರುವುದು ಖಾಸಗಿ ಕಾನೂನು. ಸರ್ಕಾರ, ಪೊಲೀಸು, ಜೈಲು ಇವೆಲ್ಲ ಪಕ್ಕದ ಕೊಠಡಿಯವು. ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಮಾತು, ಒಬ್ಬರಿಂದ ಇನ್ನೊಬ್ಬರಿಗೆ ಇಳಿದುಬಂದ ನೆಲ, ಮದುವೆ, ಪಾಲು, ಉಯಿಲು: ಇವು ನನ್ನವು. ಮನೆಯೊಳಗಿನ ಅನ್ಯಾಯಗಳಿಗೆ ಭಾಷೆ ಕೊಡುವ ಶಾಸ್ತ್ರ ಇದೊಂದೇ ಎಂದು ನಾನು ಪ್ರತಿವರ್ಷದ ಮೊದಲ ದಿನ ಸ್ವಲ್ಪ ಜೋರಾದ ದನಿಯಲ್ಲಿಯೇ ಹೇಳುತ್ತೇನೆ. ಆ ಜೋರಿನ ಬಗ್ಗೆ ನನಗೀಗ ನಾಚಿಕೆಯಾಗುತ್ತದೆ.

ಕರಾರು ಕಾಯಿದೆಯ ಹದಿನೇಳನೆಯ ಕಲಂ ವಂಚನೆಯನ್ನು ಕುರಿತದ್ದು. ಸುಮ್ಮನಿರುವುದು ತಾನಾಗಿಯೇ ವಂಚನೆಯಾಗದು. ಆದರೆ ಮಾತಾಡುವುದು ಕರ್ತವ್ಯವಾಗಿರುವ ಕಡೆ ಸುಮ್ಮನಿದ್ದರೆ ಅದು ವಂಚನೆಯೇ. ಇಷ್ಟನ್ನು ತಿಳಿಸಲು ಕಾಯಿದೆ ಬರೆದವರು ಒಂದು ರೋಗದ ಕುದುರೆಯನ್ನು ತಂದು ನಿಲ್ಲಿಸಿದ್ದಾರೆ. ನಮ್ಮ ವಿದ್ಯಾರ್ಥಿಗಳು ಕುದುರೆಯನ್ನು ಕಂಡಿರುವುದು ಮದುವೆಯ ಮೆರವಣಿಗೆಯಲ್ಲಿ. ಹಾಗಾಗಿ ನಾನು ಕುದುರೆಯನ್ನು ಬಿಚ್ಚಿ ಕಳಿಸಿ ಆ ಜಾಗದಲ್ಲಿ ಕುರಿ ಕಟ್ಟುತ್ತೇನೆ. ಮೊದಲನೆಯ ಉದಾಹರಣೆ: ರೋಗದ ಕುರಿಯನ್ನು ಒಬ್ಬ ಸಂತೆಯಲ್ಲಿ ಮಾರುತ್ತಾನೆ, ರೋಗದ ವಿಷಯ ಎತ್ತುವುದಿಲ್ಲ. ಅದು ವಂಚನೆಯಲ್ಲ.

"ಸರಿಯಾಗೈತೆ ಮೇಡಂ," ಎಂದ ಹಿಂದಿನ ಬೆಂಚಿನವನೊಬ್ಬ. ಮನೆಯಲ್ಲಿ ಕುರಿ ಸಾಕುವವರ ಮಗ. "ಸಂತೇಲಿ ಯಾವನು ಹೇಳ್ತಾನೆ? ಬಾಯಿ ಬಿಡ್ಸಿ ಹಲ್ಲು ನೋಡ್ಬೇಕು. ನೋಡ್ದಲೆ ತಗಂಡೋನು ದಡ್ಡ."

"ಲೇ, ನಿಮ್ಮಪ್ಪ ನಮ್ಮ ಮಾವಂಗೆ ಮಾರಿದ್ದು ಅಂಥದ್ದೇ ಕಣಲೇ," ಎಂದು ಪಕ್ಕದವನು ಅಂದ. ತರಗತಿ ನಕ್ಕಿತು, ನಾನೂ ನಕ್ಕೆ.

ಎರಡನೆಯ ಉದಾಹರಣೆಯಲ್ಲಿ ಕುರಿ ಕೊಳ್ಳುವವಳು ಮಾರುವವನ ಮಗಳು, ಆಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದವಳು. ಇಲ್ಲಿ ಸಂಬಂಧವೇ ಅವನ ಬಾಯಿ ತೆರೆಸಬೇಕು. ಇದನ್ನು ವಿವರಿಸಿ ನಾನು ಪುಸ್ತಕ ಮುಚ್ಚಿದೆ.

"ಮೂರನೇದು ಬಿಟ್ರಲ್ಲ ಮೇಡಂ."

ಮುಂದಿನ ಬೆಂಚಿನ ಹುಡುಗಿ. ಹಿರೇಗುಂಟನೂರಿನಿಂದ ಬರುವವಳು, ಟಿಪ್ಪಣಿಗಳ ಅಂಚಿನಲ್ಲಿ ಪ್ರಶ್ನೆ ಬರೆದುಕೊಳ್ಳುವವಳು.

"ಹೊತ್ತಾಯಿತು," ಎಂದೆ.

"ಇನ್ನಾ ಹತ್ತು ನಿಮಿಷ ಐತೆ ಮೇಡಂ," ಎಂದು ಅವಳೇ ಎದ್ದು ನಿಂತು ಓದಿದಳು. ಕೊಳ್ಳುವವನು ಮಾರುವವನಿಗೆ ಹೇಳುತ್ತಾನೆ: ನೀನು ಅಲ್ಲ ಎನ್ನದಿದ್ದರೆ ಇದು ಸರಿಯಾಗಿದೆಯೆಂದು ತಿಳಿಯುತ್ತೇನೆ. ಮಾರುವವನು ಸುಮ್ಮನಿರುತ್ತಾನೆ. ಇಲ್ಲಿ ಸುಮ್ಮನಿರುವುದು ಮಾತಿಗೆ ಸಮ. ಓದಿ ಮುಗಿಸಿ ಕೂರಲಿಲ್ಲ. "ಮೇಡಂ, ಮಗಳ ಬದ್ಲು ಅಕ್ಕ ಆಗಿದ್ರೆ? ಅಕ್ಕಂಗೆ ಓದು ಕಮ್ಮಿ, ತಂಗಿ ಓದಿದಾಳೆ. ಅಕ್ಕನ ಕೈಲಿ ಯಾವ್ದೋ ಕಾಗದಕ್ಕೆ ಸಹಿ ಹಾಕುಸ್ತಾ ಇದಾರೆ. ಆಗ್ಲೂ ತಂಗಿ ಹೇಳ್ಲೇಬೇಕಾ?"

"ಅದು ಆಯಾ ಸಂದರ್ಭವನ್ನು ಅವಲಂಬಿಸಿದೆ," ಎಂದು ನಾನು ಹೇಳಿದೆ.

ಆ ಮೂರನೆಯ ಉದಾಹರಣೆಯನ್ನು ನಾನು ಮೂರು ವರ್ಷಗಳಿಂದ ಬಿಡುತ್ತಲೇ ಬಂದಿದ್ದೆ. ಯಾಕೆಂದು ಹೇಳಬೇಕಾದರೆ ಹಿರಿಯೂರಿಗೆ ಹೋಗಬೇಕು.

ನಾವು ಮೂವರು ಮಕ್ಕಳು. ಮೊದಲು ಅಕ್ಕ, ನಡುವೆ ಅಣ್ಣ, ಕೊನೆಗೆ ನಾನು. ಬಬ್ಬೂರಿನಿಂದ ಸ್ವಲ್ಪ ಆಚೆ, ಕಾಲುವೆಯ ಪಕ್ಕ ಅಜ್ಜನಿಂದ ಬಂದ ತೆಂಗಿನ ತೋಟವಿದೆ. ಅಕ್ಕನನ್ನು ಏಳನೆಯ ತರಗತಿಗೆ ಶಾಲೆ ಬಿಡಿಸಿ, ಹೊಸದುರ್ಗದ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಭಾವ ಲಾರಿಯ ಮೇಲೆ ತಿಂಗಳುಗಟ್ಟಲೆ ಹೊರಗಿರುತ್ತಾರೆ. ಅಕ್ಕ ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆ ಮಾಡುತ್ತಾ, ಮೈದುನನ ಮನೆಯ ಒಂದು ಕೋಣೆಯಲ್ಲಿ, ಆ ಮನೆಯವರ ಮುಖ ನೋಡಿಕೊಂಡು ಬದುಕುತ್ತಾಳೆ. ಅಪ್ಪ ಇರುವಾಗಲೇ ಅವಳು ಒಂದು ಮಾತು ಕೇಳಿದ್ದಳು: "ಕಾಲುವೆ ಕಡೆ ಮೂಲೆ ನಂಗಿರ್ಲಿ ಅಪ್ಪ. ಯಾವತ್ತಾದ್ರೂ ಎರಡು ಕೋಣೆ ಎಬ್ಬುಸ್ಕಂತೀನಿ." ಅಪ್ಪ ಆಗಲಿ ಎಂದಿದ್ದರು. ಅಪ್ಪ ಆಗಲಿ ಎನ್ನಬೇಕಾದ ಅಗತ್ಯವೇ ಇರಲಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಹುಟ್ಟಿನಿಂದ ಬರುತ್ತದೆ. ಇದು ನಾನೇ ಪಾಠ ಹೇಳುವ ವಿಷಯ.

ಅಪ್ಪ ತೀರಿಕೊಂಡು ಮೂರು ತಿಂಗಳಾದ ಮೇಲೆ ಅಣ್ಣ ಫೋನು ಮಾಡಿದ. "ಪೌತಿ ಖಾತೆ ಮಾಡುಸ್ಬೇಕು. ಇಬ್ರೂ ಬಂದು ಒಂದು ಸಹಿ ಹಾಕಿ ಹೋಗ್ರಿ." ಪೌತಿ ಖಾತೆ ಎಂದರೆ ಸತ್ತವರ ಹೆಸರಿನಲ್ಲಿರುವ ಪಹಣಿಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು. ಕಂದಾಯ ಇಲಾಖೆಯ ಕೆಲಸ, ನಾಡಕಚೇರಿಯಲ್ಲಿ ಆಗುವಂಥದು. ಅದರಿಂದ ಯಾರ ಹಕ್ಕೂ ಹೋಗುವುದಿಲ್ಲ. ಆದರೆ ಅಂದು ಅಣ್ಣನ ಕಾರು ನಾಡಕಚೇರಿಯನ್ನು ದಾಟಿ ಉಪನೋಂದಣಾಧಿಕಾರಿಯ ಕಚೇರಿಯ ಮುಂದೆ ನಿಂತಿತು. ಪೌತಿ ಖಾತೆಗೆ ಆ ಕಚೇರಿಯ ಮೆಟ್ಟಿಲು ಹತ್ತಬೇಕಾಗಿಲ್ಲವೆಂಬುದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಕಾರಿನ ಬಾಗಿಲು ತೆರೆಯುವ ಮೊದಲೇ ನನಗೆ ಎಲ್ಲ ತಿಳಿದುಹೋಯಿತು.

ಜಗಲಿಯಲ್ಲಿ ಕೂತಿದ್ದ ಪತ್ರ ಬರಹಗಾರರು ಕಾಗದವನ್ನು ಸಿದ್ಧವಾಗಿಟ್ಟಿದ್ದರು. ಮೇಲಿನ ಸಾಲನ್ನು ನಾನು ತಲೆಕೆಳಗಾಗಿಯೇ ಓದಿದೆ: ಹಕ್ಕು ಬಿಡುಗಡೆ ಪತ್ರ, ಅಂದರೆ ತೋಟದಲ್ಲಿ ನಮ್ಮಿಬ್ಬರ ಪಾಲನ್ನು ಅಣ್ಣನಿಗೆ ಬಿಟ್ಟುಕೊಡುವ ಕಾಗದ.

"ಒಂದ್ಸಲ ಓದಿ ಹೇಳ್ಲೇನ್ರಿ ಅಕ್ಕಾರೆ?" ಎಂದು ಅವರು ಅಕ್ಕನನ್ನು ಕೇಳಿದರು. ಅದು ಅವರ ವೃತ್ತಿಯ ಮರ್ಯಾದೆ.

"ನಮ್ಮ ತಂಗಿ ಲಾ ಲೆಕ್ಚರರ್ರು ಕಣ್ರಿ," ಎಂದ ಅಣ್ಣ. "ಅವ್ಳು ಪಕ್ಕದಾಗೆ ನಿಂತಿರುವಾಗ ನೀವೇನು ಓದಿ ಹೇಳ್ತೀರ?"

"ಓಹೋ, ಹಂಗಾದ್ರೆ ನಾವೇ ಮೇಡಂ ಹತ್ರ ಕಲೀಬೇಕು. ಕುಂತ್ಕಳ್ರಿ ಮೇಡಂ," ಎಂದು ಅವರು ಸ್ಟೂಲು ಸರಿಸಿ, ಕಾಗದವನ್ನು ಓದದೆ ಕೆಳಗಿಟ್ಟರು. ಅಕ್ಕನಿಗಿದ್ದ ಕೊನೆಯ ರಕ್ಷಣೆಯನ್ನು ತೆಗೆದುಹಾಕಿದ್ದು ನನ್ನ ಪದವಿ.

ಅಕ್ಕ ನನ್ನ ಕಡೆ ತಿರುಗಿದಳು. "ಏನೇ, ಇದು ಖಾತೆ ಕಾಗದನೇ ಅಲ್ವಾ?"

ನಾನು ಮಾತಾಡಲಿಲ್ಲ. ಮುಂದಿನ ಮೂರು ವರ್ಷ ಈ ಘಟನೆಯನ್ನು ನಾನು ನನಗೇ ಹೇಳಿಕೊಂಡದ್ದು ಹೀಗೆ. ನಾನು ಸುಮ್ಮನಿದ್ದೆ, ಮೊದಲು ನಾನು ಸಹಿ ಹಾಕಿದೆ, ಅವಳು ನನ್ನ ಹಿಂದೆಯೇ ಹಾಕಿದಳು. ಒಳಗೆ ಅಧಿಕಾರಿ "ಒಪ್ಪಿ ಹಾಕಿದೀರಾ" ಎಂದು ಕೇಳಿದರು, ಇಬ್ಬರೂ ತಲೆಯಾಡಿಸಿದೆವು. ಕ್ಯಾಮೆರಾದ ಮುಂದೆ ಕೂರಿಸಿ ಫೋಟೊ ತೆಗೆದು, ಹೆಬ್ಬೆಟ್ಟನ್ನು ಯಂತ್ರದ ಮೇಲೆ ಒತ್ತಿಸಿಕೊಂಡರು. ಹೊರಗೆ ಬಂದಾಗ ಅತ್ತಿಗೆ ಇಬ್ಬರಿಗೂ ಅರಿಶಿನ ಕುಂಕುಮ ಕೊಟ್ಟು, ಒಂದೊಂದು ಸೀರೆ ಇಟ್ಟು, ತವರಿನ ಹಸಿರು ಎಂದರು. ನನ್ನ ಮೇಲೆ ಯಾರೂ ಬಲವಂತ ಮಾಡಿರಲಿಲ್ಲ. ಆ ಸೀರೆ ಉಟ್ಟು ನಾನು ಹೆಣ್ಣುಮಕ್ಕಳ ಸಮಾನ ಪಾಲಿನ ಪಾಠ ಮಾಡಿದ್ದೇನೆ.

ಅಣ್ಣ ಕೆಟ್ಟವನಾಗಿದ್ದರೆ ಈ ಬರಹ ಸುಲಭವಾಗುತ್ತಿತ್ತು. ದೊಡ್ಡಪ್ಪಂದಿರೆಲ್ಲ ಸೇರಿ ನನ್ನ ಮದುವೆ ಮುಗಿಸಲು ಹೊರಟಾಗ "ಅವ್ಳು ಓದ್ತಾಳೆ, ನಿಮ್ಮನೆ ಗಂಟೇನು ಹೋಯ್ತು" ಎಂದು ಎದುರು ನಿಂತವನು ಅವನು. ತಾನು ಪಿಯುಸಿಗೆ ಓದು ನಿಲ್ಲಿಸಿ ತೋಟಕ್ಕಿಳಿದು, ನನ್ನನ್ನು ಪ್ರತಿದಿನ ಬೆಳಿಗ್ಗೆ ಮೊಪೆಡ್ಡಿನಲ್ಲಿ ಬಸ್ಸಿಗೆ ಬಿಟ್ಟವನು ಅವನೇ. ಆ ಜಗಲಿಯ ಮೇಲೆ ನನಗೆ ಕಂಡದ್ದು ಆ ಮೊಪೆಡ್ಡು. ಇಷ್ಟು ಮಾಡಿದವನ ಎದುರು ಬೇರೆಯವರು ನೋಡುತ್ತಿರುವಾಗ ಕಾಗದ ಓದುವುದೆಂದರೆ ಅವನನ್ನು ಕಳ್ಳ ಎಂದಂತೆ ಎನ್ನಿಸಿತು. ನನ್ನ ಪಾಲನ್ನು ಅವನಿಗೆ ಬಿಟ್ಟುಕೊಡುವುದು ನನ್ನ ಇಷ್ಟ, ಅದರ ಲೆಕ್ಕ ಯಾರೂ ಕೇಳುವಂತಿಲ್ಲ. ಆದರೆ ನಾನು ಮಾಡಿದ್ದು ಅಷ್ಟೇ ಅಲ್ಲ. ಅವನ ಋಣವನ್ನು ಅಕ್ಕನ ಮೂಲೆಯಿಂದ ತೀರಿಸಿದೆ.

ತಾನು ಸಹಿ ಹಾಕಿದ್ದು ಯಾವುದಕ್ಕೆಂದು ಅಕ್ಕನಿಗೆ ತಿಳಿಯಲೇ ಇಲ್ಲ. ಮೊನ್ನೆಯ ಬೇಸಿಗೆಗೆ ಮೊದಲು ಅವಳು ಫೋನಿನಲ್ಲಿ ಖುಷಿಯಿಂದ ಹೇಳಿದಳು: "ಮೂಲೇಲಿ ನಿಂಬೆ ಗಿಡ ಇಟ್ಟು ಬಂದೆ ಕಣೇ. ಮನೆ ಏಳೋ ಹೊತ್ತಿಗೆ ಕಾಯಿ ಬಿಡ್ಲಿ." ನಾನು "ಒಳ್ಳೇದಾಯ್ತು ಅಕ್ಕ" ಎಂದೆ. ದಸ್ತಾವೇಜು ರದ್ದುಪಡಿಸುವ ದಾವೆಗೆ ಕಾನೂನು ಕೊಡುವ ಅವಧಿ ಮೂರು ವರ್ಷ. ಮೋಸ ಗೊತ್ತಾದ ದಿನದಿಂದ ಲೆಕ್ಕ, ನಿಜ. ಆದರೆ ಸಹಿಯ ದಿನವೇ ಅವಳಿಗೆ ಗೊತ್ತಿತ್ತು, ಪಕ್ಕದಲ್ಲಿ ಕಾನೂನು ಬಲ್ಲ ತಂಗಿಯೇ ಇದ್ದಳು ಎಂದು ಎದುರು ವಕೀಲರು ಖಂಡಿತ ಹೇಳುತ್ತಾರೆ. ತರಗತಿಯಲ್ಲಿ ಆ ಪ್ರಶ್ನೆ ಬಂದ ಹೊತ್ತಿಗೆ ಆ ಮೂರು ವರ್ಷಕ್ಕೆ ಇನ್ನು ಉಳಿದಿದ್ದದ್ದು ಸುಮಾರು ಏಳು ವಾರ. ಅವು ಮುಗಿದರೆ ಅಕ್ಕನ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆ. ಇದನ್ನೆಲ್ಲ ಬಲ್ಲ ನಾನು ನಿಂಬೆ ಗಿಡಕ್ಕೆ ಒಳ್ಳೇದಾಯ್ತು ಎಂದೆ.

ಹಿರೇಗುಂಟನೂರಿನ ಹುಡುಗಿ ಪ್ರಶ್ನೆ ಕೇಳಿದ ದಿನ ನಾನು ಸ್ಟಾಫ್ ರೂಮಿಗೆ ಬಂದು, ತಮಾಷೆಯ ಧಾಟಿಯಲ್ಲಿಯೇ ಸಹೋದ್ಯೋಗಿಗಳನ್ನು ಕೇಳಿದೆ: ನಿಮ್ಮ ಮನೆಗಳಲ್ಲಿ ಅಕ್ಕತಂಗಿಯರ ಪಾಲು ಏನಾಯಿತು?

"ಬಿಡುಗಡೆ ಪತ್ರ ಮಾಡಿಸ್ಕಂಡ್ವಿ," ಎಂದರು ಸಂವಿಧಾನ ಪಾಠ ಮಾಡುವ ಹಿರಿಯರು, ಟಿಫನ್ ಡಬ್ಬಿಯಿಂದ ತಲೆಯೆತ್ತದೆ. "ನಮ್ ತಂಗೇರು ನಗ್ತಾ ನಗ್ತಾ ಹಾಕಿದ್ರು."

"ನಗ್ದಲೆ ಏನ್ ಮಾಡ್ತಾರೆ ಸಾರ್, ಫೋಟೊ ತೆಗೀತಾರಲ್ಲ," ಎಂದರು ಇನ್ನೊಬ್ಬರು. ಎಲ್ಲರೂ ನಕ್ಕರು.

ಆ ಕೊಠಡಿಯಲ್ಲಿ ಕಾನೂನಿನ ಸ್ನಾತಕೋತ್ತರ ಪದವಿ ಇಲ್ಲದವರು ಯಾರೂ ಇರಲಿಲ್ಲ. ಸಮಾನತೆಯ ಬಗ್ಗೆ ಹತ್ತು ಅಂಕದ ಪ್ರಶ್ನೆ ಹಾಕಿ, ಉತ್ತರ ಬರೆಯದ ಹೊಳಲ್ಕೆರೆಯ ಹುಡುಗಿಯನ್ನು, ತುರುವನೂರಿನ ಹುಡುಗನನ್ನು ಫೇಲು ಮಾಡುವವರು ನಾವು. ನಮ್ಮನ್ನು ಯಾರು ಪರೀಕ್ಷಿಸಬೇಕು? ಹಳ್ಳಿಯ ಅಜ್ಞಾನ, ಹಳ್ಳಿಯ ಸಂಪ್ರದಾಯ ಎಂದು ವಿಚಾರಸಂಕಿರಣಗಳಲ್ಲಿ ನಾವು ಮಂಡಿಸುವ ಪ್ರಬಂಧಗಳು ಸುಳ್ಳು. ಆ ಪತ್ರಗಳು ಬದುಕಿರುವುದು ಓದಿದವರು ಪಕ್ಕದಲ್ಲಿ ನಿಂತು ಅವುಗಳಿಗೆ ಗೌರವ ತರುವುದರಿಂದ. ಇದನ್ನು ಅಂದೇ ಎದ್ದು ನಿಂತು ಹೇಳಬೇಕೆನ್ನಿಸಿತು. ಹೇಳಿದ್ದರೆ "ನಿಮ್ಮ ಮನೆಯಲ್ಲಿ?" ಎಂಬ ಪ್ರಶ್ನೆ ಬರುತ್ತಿತ್ತು. ನನ್ನ ಸಿಟ್ಟು ಅಲ್ಲಿಗೇ ನಿಂತುಹೋಯಿತು.

ಅವಲಂಬಿಸಿದೆ ಎಂಬ ಉತ್ತರ ನಾಲ್ಕು ದಿನ ಚುಚ್ಚಿತು. ಮುಂದಿನ ಸೋಮವಾರ ತರಗತಿ ಬಿಟ್ಟಾಗ ಆ ಹುಡುಗಿಯನ್ನು ಕರೆದು, "ನೀನು ಕೇಳಿದ್ದಕ್ಕೆ ಉತ್ತರ ಹೌದು. ತಂಗಿ ಹೇಳಲೇಬೇಕು," ಎಂದೆ.

ಅವಳು ಪುಸ್ತಕಗಳನ್ನು ಎದೆಗೆ ಒತ್ತಿಕೊಂಡಳು. "ಮುಗ್ದೋಯ್ತು ಮೇಡಂ, ಶುಕ್ರವಾರನೇ ಸಹಿ ಹಾಕಿದ್ರು. ಇಬ್ರು ಅಕ್ಕಂದಿರೂ. ನಂದಿನ್ನೂ ವಯಸ್ಸಾಗಿಲ್ಲ ಅಂತ ನನ್ನ ಕೇಳ್ಲಿಲ್ಲ, ಮುಂದಿನ್ವರ್ಷ ಕೇಳ್ತಾರೆ. ಅವತ್ತು ನಾನು ಹೇಳ್ಬೇಕು ಅಂತಿದ್ದೆ. ಸಂದರ್ಭ ನೋಡ್ಬೇಕು ಅಂದ್ರಲ್ಲ ನೀವು, ಅದ್ಕೇ ಬಾಯಿ ಮುಚ್ಕಂಡು ನಿಂತೆ." ದೂರುವ ದನಿಯಲ್ಲಿ ಹೇಳಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು, ಹೋದಳು.

ಆ ಹುಡುಗಿಯ ಅಕ್ಕಂದಿರನ್ನು ನಾನು ನೋಡಿಲ್ಲ. ಆದರೆ ಅವರ ಸಹಿಗಳ ಪಕ್ಕದಲ್ಲಿಯೂ ನಾನು ನಿಂತಿದ್ದೆ.

ಮಾರನೆಯ ದಿನ ರಜೆ ಹಾಕಿ ಹೊಸದುರ್ಗದ ಬಸ್ಸು ಹತ್ತಿದೆ. ಶಾಲೆಯಲ್ಲಿ ಊಟ ಮುಗಿದಿತ್ತು. ಅಕ್ಕ ಅಂಗಳದ ನಲ್ಲಿಯ ಬಳಿ ಕುಕ್ಕರಗಾಲಿನಲ್ಲಿ ಕೂತು ಸಾರಿನ ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅದು ಖಾತೆಯ ಕಾಗದವಾಗಿರಲಿಲ್ಲ, ಮೂಲೆ ಈಗ ಕಾಗದದಲ್ಲಿ ಅಣ್ಣನದು, ನನಗೆ ಅಂದೇ ಗೊತ್ತಿತ್ತು. ಕೊನೆಯಲ್ಲಿ, "ನೀನು ಕೇಳಿದಾಗ ನಾನು ಸುಮ್ಮನಿದ್ದುಬಿಟ್ಟೆ ಅಕ್ಕ," ಎಂದೆ.

ಅವಳ ಕೈ ನಿಂತಿತು. "ಏನಂದೆ?"

"ಸುಮ್ಮನಿದ್ದೆ."

"ಸುಮ್ನಿರ್ಲಿಲ್ಲ ಕಣೇ ನೀನು. ಹೂಂ ಅಂದೆ. 'ಹೂಂ ಅಕ್ಕ, ಅದೇ, ಹಾಕು' ಅಂದೆ. ನನ್ನ ಕಿವಿ ಹತ್ರ ಬಂದು ಅಂದೆ, ಅವ್ರಿಗೆ ಕೇಳುಸ್ದಂಗೆ. ನಾನು ಇನ್ನೊಂದ್ಸಲ ಕೇಳಿದ್ರೆ ದಡ್ಡಿ ಅಂತಾರೇನೋ ಅಂತ ಹಾಕಿದೆ."

ಅಲ್ಲ ಎನ್ನಲು ಬಾಯಿ ತೆರೆದೆ. ತೆರೆದಾಗಲೇ ನೆನಪಾಯಿತು: ಅವಳ ಕೂದಲಿನ ಹರಳೆಣ್ಣೆಯ ವಾಸನೆ, ನನ್ನ ತುಟಿಗೆ ತಾಗಿದ ಅವಳ ಓಲೆಯ ತಣ್ಣನೆಯ ತುದಿ. ನಾನು ಹೇಳಿದ್ದೆ. ಮೌನಕ್ಕೆ ಕಾನೂನಿನಲ್ಲಿ ವಾದ ಉಂಟು, ವಿನಾಯಿತಿ ಉಂಟು. ಗೊತ್ತಿದ್ದೂ ಆಡಿದ ಸುಳ್ಳಿಗೆ ಯಾವುದೂ ಇಲ್ಲ. ಹಾಗಾಗಿ ನನ್ನೊಳಗಿನ ವಕೀಲೆ ಮೂರು ವರ್ಷ ಕೂತು ನನ್ನ ಸಾಕ್ಷ್ಯವನ್ನು ತಿದ್ದಿದ್ದಳು, ಒಂದು ಹೂಂ ಅನ್ನು ಅಳಿಸಿ ಆ ಜಾಗದಲ್ಲಿ ಮೌನವನ್ನು ಇಟ್ಟಿದ್ದಳು. ಬಿಟ್ಟ ಉದಾಹರಣೆಯ ಬಗ್ಗೆ ನಾಚಿಕೆಪಟ್ಟುಕೊಳ್ಳುತ್ತಿದ್ದ ನನಗೆ ಅದಕ್ಕಿಂತ ಕೆಟ್ಟದ್ದೊಂದು ಮರೆತೇಹೋಗಿತ್ತು.

"ಜಾಗ ಹೋಗ್ಲಿ ಅತ್ಲಾಗೆ," ಎಂದಳು ಅಕ್ಕ. ಅವಳು ಅಳಲಿಲ್ಲ, ಮುಖ ಮಾತ್ರ ಕೆಂಪಾಗಿತ್ತು. "ನಿಂಬೆ ಗಿಡಕ್ಕೆ ಪಾತಿ ಮಾಡುವಾಗ ಅವ್ನು ನೋಡ್ತಾ ನಿಂತಿದ್ದ. ನಿನ್ ಹತ್ರ ಹೇಳ್ದಾಗ ನೀನು ಕೇಳ್ತಾ ಇದ್ದೆ. ಇಬ್ರೂ ಸೇರಿ ನನ್ನ ಕುಣುಸಿದ್ರಲ್ಲ, ಕೋಲೆ ಬಸವನ್ನ ಕುಣುಸ್ದಂಗೆ." ಮತ್ತೆ ಪಾತ್ರೆ ತಿಕ್ಕಲು ಶುರುಮಾಡಿದಳು. ಅದನ್ನು ತೊಳೆದು ಬೋರಲು ಹಾಕಿ, "ಈಗೇನು ಮಾಡಾಕಾಗುತ್ತೆ ಹೇಳು. ಪಾಠ ಮಾಡ್ಬೇಡ, ಹೇಳು," ಎಂದಳು.

ದಾವೆ ಹಾಕಬಹುದು, ಏಳು ವಾರ ಇದೆ, ಸಾಕ್ಷಿ ನಾನೇ ಎಂದೆ.

"ಕೋರ್ಟು ಆಮೇಲೆ. ಮೊದ್ಲು ಅವ್ನ ಮುಂದೆ ಹೇಳು. ಹೋಗಾಣ ನಡಿ."

ಭಾನುವಾರ ಇಬ್ಬರೂ ಹೋದೆವು. ಅಣ್ಣ ತೋಟದಲ್ಲಿದ್ದ. ನಾನು ಹೇಳಿ ಮುಗಿಸುವವರೆಗೂ ಅಡ್ಡ ಬಾಯಿ ಹಾಕಲಿಲ್ಲ. ಆಮೇಲೆ, "ನಾನು ಮೋಸಗಾರನೇ ಅನ್ನು. ಗೊತ್ತಿದ್ದೂ ಹಾಕ್ಸಿದ ನೀನ್ಯಾರವ್ವ?" ಎಂದು ಕೇಳಿದ. "ಅವತ್ತು ಒಂದು ಮಾತು, ಬ್ಯಾಡ ಅಣ್ಣ ಅಂದಿದ್ರೆ, ಅಲ್ಲೇ ಹರ್ದು ಹಾಕ್ತಿದ್ದೆ. ಕಾನೂನು ಓದ್ದೋಳೇ ಮೊದ್ಲು ಸಹಿ ಹಾಕಿದ್ಲಲ್ಲ, ತಪ್ಪೇನಿಲ್ಲ ಅಂತ ನಾನೂ ಅಂದ್ಕಂಡೆ."

ಅವನು ಹರಿದುಹಾಕುತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಅವನ ಪ್ರಶ್ನೆ ನ್ಯಾಯವಾದದ್ದಾಗಿತ್ತು.

"ಅವ್ಳು ಯಾರು ಅಂತ ನಾನು ನೋಡ್ಕಂತೀನಿ," ಎಂದಳು ಅಕ್ಕ. "ಮೂಲೆ ಬಿಡ್ತೀಯೋ ಇಲ್ವೋ?"

"ಕೋರ್ಟಿಗೆ ಹೋಗ್ರಿ," ಎಂದು ಅವನು ಪಂಪಿನ ಕಡೆ ನಡೆದ.

ಹಿರಿಯೂರಿನಲ್ಲಿ ನಾವು ಹಿಡಿದ ವಕೀಲರು ಅನುಭವಿ. ಅಕ್ಕ ಹೊರಗೆ ನೀರು ಕುಡಿಯಲು ಹೋದಾಗ ಅವರು ದನಿ ತಗ್ಗಿಸಿದರು. "ಮೇಡಂ, ನಿಮಗೂ ಗೊತ್ತಿರಲಿಲ್ಲ ಅಂದ್ಬಿಡ್ರಿ. ಇಬ್ರೂ ಮೋಸ ಹೋದ್ರಿ, ಮುಗೀತು. ಗೊತ್ತಿದ್ದೂ ಹೂಂ ಅಂದೆ ಅಂತ ಬರೆದ್ರೆ ನಾಳೆ ಕ್ರಾಸ್‌ನಾಗೆ ಎದುರು ವಕೀಲ್ರು ಪ್ರಶ್ನೆ ಹಾಕಿ ನಿಮ್ಮನ್ನ ಒಗೆದು ಒಣಗಾಕ್ತಾರೆ. ಕಾಲೇಜಿಗೂ ಸುದ್ದಿ ಮುಟ್ಟುತ್ತೆ. ನೀವು ಪರ್ಮನೆಂಟ್ ಆಗೋರು." ನಾನು ಅಲ್ಲಿಯೇ ಆಗದು ಎನ್ನಬೇಕಿತ್ತು. ಒಂದು ದಿನ ಸಮಯ ಕೊಡಿ ಎಂದೆ. ಇದನ್ನೂ ಬರೆಯುತ್ತಿದ್ದೇನೆ. ಇಷ್ಟೆಲ್ಲ ಆದ ಮೇಲೂ ನಾನು ಸಮಯ ಕೇಳಿದೆ.

ಮಾರನೆಯ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಕ್ಕನ ಫೋನು ಬಂತು.

"ವಕೀಲ್ರು ಫೋನ್ ಮಾಡಿದ್ರು, ಒಂದಿನ ಟೈಮ್ ಕೇಳಿದೀಯಂತೆ. ಯಾತಕ್ಕೆ?"

"ಆಮೇಲೆ ಮಾತಾಡ್ತೀನಿ ಅಕ್ಕ. ಇಲ್ಲಿ ಎಲ್ಲರೂ ಇದಾರೆ."

"ಅವತ್ತೂ ಎಲ್ಲಾರೂ ಇದ್ರು," ಎಂದಳು. "ಅವ್ರ ಮುಂದೆ ಸುಳ್ಳು ಹೇಳಾಕೆ ಬಂತು. ಕೋರ್ಟಿನಾಗೆ ನೂರು ಜನ ಇರ್ತಾರೆ. ಇವರ ಮುಂದೆ ನಿಜ ಹೇಳಾಕಾಗ್ಲಿಲ್ಲ ಅಂದ್ರೆ ಅಲ್ಲಿ ಹೆಂಗೆ ಹೇಳ್ತೀಯ? ಈಗ್ಲೇ ಹೇಳು, ಕೇಳ್ತೀನಿ."

ಹೊರಗೆ ಹೋಗಲು ಎದ್ದವಳು ಬಾಗಿಲ ಬಳಿಯೇ ನಿಂತೆ. ದನಿ ತಗ್ಗಿಸಲಿಲ್ಲ.

"ಅದು ಪೌತಿ ಖಾತೆಯ ಕಾಗದವಲ್ಲ, ಹಕ್ಕು ಬಿಡುಗಡೆ ಪತ್ರ ಎಂದು ನನಗೆ ಗೊತ್ತಿತ್ತು. ನಮ್ಮ ಅಕ್ಕ ಕೇಳಿದಾಗ ನಾನು ಹೂಂ, ಅದೇ, ಹಾಕು ಎಂದೆ. ನಾನು ಕಾನೂನು ಉಪನ್ಯಾಸಕಿ ಎಂಬ ಕಾರಣಕ್ಕೆ ಅವಳು ನಂಬಿದಳು."

ಸಂವಿಧಾನದ ಹಿರಿಯರು ತುತ್ತು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು, ಆಮೇಲೆ ಕಿಟಕಿಯನ್ನು. ಬಾಗಿಲಿನಿಂದ ಓಡಿಹೋಗಬೇಕೆನ್ನಿಸಿತು, ಹೋಗಲಿಲ್ಲ.

"ಹ್ಞಾಂ," ಎಂದಳು ಅಕ್ಕ. ಸಮಾಧಾನದ ಮಾತಾಗಲಿ ಕ್ಷಮೆಯ ಮಾತಾಗಲಿ ಅವಳಿಂದ ಬರಲಿಲ್ಲ, ನಾನು ಕೇಳಲೂ ಇಲ್ಲ. "ಹಂಗೇ ಬರ್ಸು. ಒಂದು ಅಕ್ಷರ ಕಮ್ಮಿ ಮಾಡ್ಬ್ಯಾಡ."

ಫೋನು ಇಟ್ಟಳು. ನಾನು ನನ್ನ ಕುರ್ಚಿಗೆ ವಾಪಸು ಬಂದು, ಅವರೆಲ್ಲರ ನಡುವೆ ಕೂತು, ವಕೀಲರ ನಂಬರು ಒತ್ತಿದೆ.